ನಂದಿಯ ನೆರಳಿನಲ್ಲಿ ದ್ರಾಕ್ಷಿ ನಾಡು

ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಗೊಣಗುತ್ತಾ ಹೋದ ನರಿಯ ಕತೆ ಮೂರನೆಯ ತರಗತಿಯ ಮಗುವಿಗೂ ಗೊತ್ತು. ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಆ ನರಿ ಮತ್ತೆ ಕಾಣಿಸಿಕೊಳ್ಳುತ್ತದೆ. ಪ್ರವಾಸ ಸಂಸ್ಥೆಗಳ ಬಣ್ಣದ ಪುಸ್ತಿಕೆಗಳಲ್ಲಿ ಆಗ್ನೇಯ ಸ್ಪೇನಿನ ಚಿತ್ರಗಳಿರುತ್ತವೆ. ಹುಮಿಯಾ, ಯೆಕ್ಲಾ ಊರುಗಳ ಸಾಲುಸಾಲು ದ್ರಾಕ್ಷಿ ತೋಟಗಳು, ಮೆಡಿಟರೇನಿಯನ್ ಸಮುದ್ರದ ದಂಡೆಗೆ ಅಂಟಿಕೊಂಡ ಅಲ್ತೆಯಾದ ಬಿಳಿ ಮನೆಗಳು, ವಿಯಾಹೊಯೋಸಾದ ಬಣ್ಣ ಬಳಿದ ಬೀದಿಗಳು, ಕಾಲ್ಪೆ ಊರಿನಲ್ಲಿ ನೀರಿನಿಂದ 332 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದ ಬಂಡೆ! ಮಕ್ಕಳು ಪುಟ ತಿರುವುತ್ತಾರೆ, ಅಪ್ಪ ಕೊನೆಯ ಪುಟದ ದರಪಟ್ಟಿ ನೋಡುತ್ತಾರೆ, ಪುಸ್ತಿಕೆ ಮಡಚಿ ಮೂಲೆ ಸೇರುತ್ತದೆ. ‘ಅಲ್ಲೇನಿದೆ ಮಹಾ?’ ಎಂಬ ಮಾತಿನೊಂದಿಗೆ ಪ್ರವಾಸ ಮುಗಿಯುತ್ತದೆ.

ಆದರೆ ಪೀಣ್ಯದ ಕಾರ್ಖಾನೆಯಿಂದಲೋ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಿಂದಲೋ ಒಂದೂವರೆ ಗಂಟೆಯ ದಾರಿಯಲ್ಲಿ ಇನ್ನೊಂದು ದ್ರಾಕ್ಷಿ ನಾಡು ಇದೆ. ಅಲ್ಲಿಯೂ ನೆಟ್ಟಗೆ ಎದ್ದ ಬಂಡೆಯಿದೆ, ಸಾವಿರ ವರ್ಷ ದಾಟಿದ ಗುಡಿಯಿದೆ, ಜಗತ್ತಿನ ತಜ್ಞರು ಬಂದು ನೋಡಿಹೋದ ದ್ರಾಕ್ಷಿ ತೋಟವಿದೆ. ಸಮುದ್ರ ಮಾತ್ರ ಇಲ್ಲ. ಆದರೆ ಸಮುದ್ರ ಸೇರುವ ನದಿಗಳ ಹುಟ್ಟು ಅಲ್ಲಿಯೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ನಡುವೆ, ನಂದಿಬೆಟ್ಟದ ಸುತ್ತ ಹರಡಿರುವ ಈ ನಾಡನ್ನು ಒಂದು ದಿನದಲ್ಲಿ ಸುತ್ತಿ, ಸಂಜೆಗೆ ಮನೆ ಸೇರಬಹುದು. ಇದು ಎಟುಕುವ ದ್ರಾಕ್ಷಿ. ಇನ್ನೆಷ್ಟು ವರ್ಷ ಎಟುಕುತ್ತದೆ ಎಂಬುದು ಬೇರೆ ಮಾತು. ಅದಕ್ಕೆ ಕೊನೆಯಲ್ಲಿ ಬರೋಣ.

ಮೂರು ಊರು, ಒಂದು ದಾರಿ

ಬೆಂಗಳೂರಿನ ಹೊರವಲಯದ ಮೂರು ಕೈಗಾರಿಕಾ ನೆಲೆಗಳಿಗೆ ಮೂರು ಬಗೆಯ ಚರಿತ್ರೆಯಿದೆ. ವೈಟ್‌ಫೀಲ್ಡ್ 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಹುಟ್ಟಿದ ಊರು. ಇಂದು ಕಂಪ್ಯೂಟರ್ ಊರೆನಿಸಿಕೊಂಡಿರುವ ಅದರ ಮೊದಲ ಕಸುಬು ನೇಗಿಲು! ಪೀಣ್ಯ 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ಬೀಡಾಗಿ ಬೆಳೆಯಿತು. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಆರಂಭವಾಯಿತು. ಈ ಮೂರು ಕಡೆಯೂ ಇಂದು ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ದ್ರಾಕ್ಷಿ ಎಂದರೆ ತಳ್ಳುಗಾಡಿಯಲ್ಲಿ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ವಸ್ತು. ಅದು ಬಳ್ಳಿಯಲ್ಲಿ ತೂಗುವುದನ್ನು ಕಂಡವರು ಕಡಿಮೆ.

ಪೀಣ್ಯದವರಿಗೆ ದಾರಿ ಸುಲಭ. ಯಲಹಂಕ, ರಾಜಾನುಕುಂಟೆ ದಾಟಿದರೆ ದೊಡ್ಡಬಳ್ಳಾಪುರ. ವೈಟ್‌ಫೀಲ್ಡಿನವರು ಹೊಸಕೋಟೆಗೆ ಹೋಗಿ, ಅಲ್ಲಿಂದ ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನು ಜೋಡಿಸುವ 648ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿಯಬಹುದು. ಎಲೆಕ್ಟ್ರಾನಿಕ್ ಸಿಟಿಯವರು ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆಗೆ ಬಂದು ಪೀಣ್ಯದವರ ಜೊತೆ ಸೇರಿಕೊಳ್ಳಬೇಕು. ರೈಲಿನ ಆಸೆಯಿರುವವರಿಗೆ ಯಲಹಂಕದಿಂದ ಚಿಕ್ಕಬಳ್ಳಾಪುರದ ಮಾರ್ಗವಿದೆ. ಈ ದಾರಿಯಲ್ಲಿ 1915ರಲ್ಲಿ ಪುಟ್ಟ ಹಳಿಯ ರೈಲು ಓಡಲು ಶುರುವಾಯಿತು. ಕಲ್ಲು ಗೋಡೆ, ಹೆಂಚಿನ ಮಾಡಿನ ‘ನಂದಿ ಹಾಲ್ಟ್’ ನಿಲ್ದಾಣ ಅಂದಿನ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ.

ಕತ್ತರಿಯೇ ಚಳಿಗಾಲ

ರಾಜಾನುಕುಂಟೆ ದಾಟಿದ ಮೇಲೆ ಕಿಟಕಿಯಾಚೆ ಕಣ್ಣಿಟ್ಟರೆ ಕಟ್ಟಡಗಳ ನಡುವೆ ಅಲ್ಲಲ್ಲಿ ಆಳೆತ್ತರದ ಕಲ್ಲು ಕಂಬಗಳು ಸೈನಿಕರ ಹಾಗೆ ಸಾಲಾಗಿ ನಿಂತಿರುವುದು ಕಾಣುತ್ತದೆ. ಕಂಬಗಳ ಮೇಲೆ ತಂತಿಯ ಬಲೆ, ಬಲೆಯ ಮೇಲೆ ಹಸಿರು ಹೊದಿಕೆ. ಅದೇ ದ್ರಾಕ್ಷಿ ಚಪ್ಪರ. ಒಳಗೆ ಕಾಲಿಟ್ಟರೆ ಬಿಸಿಲು ಹಿಂದೆ ಉಳಿಯುತ್ತದೆ. ತಲೆಯ ಮೇಲೆ ಎಲೆ, ಎಲೆಯಿಂದ ಕೆಳಕ್ಕೆ ತೂಗುವ ಗೊಂಚಲು. ಮದುವೆ ಮನೆಯ ಚಪ್ಪರಕ್ಕೂ ಇದಕ್ಕೂ ಹೋಲಿಕೆಯಿದೆ. ಎರಡನ್ನೂ ಹಾಕುವಾಗ ಸಾಲ, ಎರಡಕ್ಕೂ ಬೇಕು ಒಳ್ಳೆಯ ಕಾಲ!

ಇಲ್ಲಿ ಮಕ್ಕಳು ಕೇಳಬೇಕಾದ ಮೊದಲ ಪ್ರಶ್ನೆ: ದ್ರಾಕ್ಷಿ ತಂಪು ದೇಶದ ಬಳ್ಳಿಯಲ್ಲವೇ, ಇಲ್ಲಿ ಹೇಗೆ ಬೆಳೆಯುತ್ತದೆ? ಆಗ್ನೇಯ ಸ್ಪೇನ್ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 38 ಡಿಗ್ರಿಯಲ್ಲಿದೆ, ಬೆಂಗಳೂರು 13 ಡಿಗ್ರಿಯಲ್ಲಿ. ಅಲ್ಲಿ ಚಳಿಗಾಲ ಬಂದಾಗ ಬಳ್ಳಿ ಎಲೆ ಉದುರಿಸಿ ನಿದ್ರೆ ಹೋಗುತ್ತದೆ. ವಸಂತದಲ್ಲಿ ಎದ್ದು ಚಿಗುರಿ, ಬೇಸಿಗೆಯಲ್ಲಿ ಕಾಯಿ ಬಲಿತು, ಶರತ್ಕಾಲದ ಹೊತ್ತಿಗೆ ಕೊಯ್ಲು. ವರ್ಷಕ್ಕೆ ಒಂದೇ ಬೆಳೆ. ಬೆಂಗಳೂರಿನ ಬಳ್ಳಿಗೆ ನಿದ್ರೆ ಬರುವಷ್ಟು ಚಳಿ ಎಂದೂ ಬೀಳುವುದಿಲ್ಲ. ಹಾಗೇ ಬಿಟ್ಟರೆ ಅದು ಹಬ್ಬುತ್ತಾ ಹೋಗುತ್ತದೆಯೇ ಹೊರತು ಕ್ರಮವಾಗಿ ಹಣ್ಣು ಕೊಡುವುದಿಲ್ಲ. ಅದಕ್ಕಾಗಿ ಇಲ್ಲಿನ ರೈತ ಕತ್ತರಿ ಹಿಡಿದು ಚಳಿಗಾಲದ ಕೆಲಸವನ್ನು ತಾನೇ ಮಾಡುತ್ತಾನೆ. ಸವರಿದ ಕಡ್ಡಿಯ ಮೊಗ್ಗುಗಳು ಎಚ್ಚೆತ್ತು ಚಿಗುರುತ್ತವೆ, ಚಿಗುರಿನೊಡನೆ ಹೂಗೊಂಚಲು ಹೊರಬರುತ್ತದೆ. ವರ್ಷಕ್ಕೆ ಎರಡು ಬಾರಿ ಸವರಿದರೆ ‘ಬೆಂಗಳೂರು ನೀಲಿ’ ತಳಿ ಎರಡು ಬೆಳೆ ಕೊಡುತ್ತದೆ. ಯೂರೋಪಿನ ರೈತನಿಗೆ ಇದನ್ನು ಹೇಳಿದರೆ ಆತ ಹುಬ್ಬೇರಿಸುವುದು ಸಹಜ.

ಇನ್ನೊಂದು ಸಂಗತಿ. ಮಾವು, ಬಾಳೆಗಳನ್ನು ಕಾಯಿಯಾಗಿ ಕಿತ್ತು ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತವೆ. ದ್ರಾಕ್ಷಿ ಹಾಗಲ್ಲ. ಬಳ್ಳಿಯಿಂದ ಬೇರೆಯಾದ ಕ್ಷಣದಿಂದ ಅದರ ಸಿಹಿ ಹೆಚ್ಚುವುದಿಲ್ಲ. ಹುಳಿ ದ್ರಾಕ್ಷಿ ಕೊಂಡು ಮನೆಯಲ್ಲಿ ನಾಲ್ಕು ದಿನ ಇಟ್ಟರೆ ಕೊಳೆಯುತ್ತದೆಯೇ ವಿನಾ ಸಿಹಿಯಾಗದು. ಆದ್ದರಿಂದ ರೈತ ಹಣ್ಣು ಪೂರ್ತಿ ಬಲಿಯುವವರೆಗೂ ಕಾಯಲೇಬೇಕು. ಆ ಕೊನೆಯ ಎರಡು ವಾರಗಳಲ್ಲಿ ಆಲಿಕಲ್ಲು ಬಿದ್ದರೆ ವರ್ಷದ ದುಡಿಮೆ ನೆಲದ ಪಾಲು. 2020ರ ಮಾರ್ಚಿಯಲ್ಲಿ ಕೊರೋನಾ ದಿಗ್ಬಂಧನ ಬಂದಾಗ ಚಿಕ್ಕಬಳ್ಳಾಪುರದ ಸುತ್ತ ಗೊಂಚಲುಗಳು ಕೊಯ್ಲಿಗೆ ಸಿದ್ಧವಾಗಿದ್ದವು. ಲಾರಿಯಿಲ್ಲ, ಮಾರುಕಟ್ಟೆಯಿಲ್ಲ, ಕೊಳ್ಳುವವರಿಲ್ಲ. ಕಾಯುವ ಗುಣವಿಲ್ಲದ ಹಣ್ಣು ಅನೇಕ ತೋಟಗಳಲ್ಲಿ ಬಳ್ಳಿಯಲ್ಲೇ ಹಾಳಾಯಿತು.

ನರಿ ವಾಸನೆಯ ನೀಲಿ ಹಣ್ಣು

ಬೆಂಗಳೂರು ನೀಲಿ ನೋಡಲು ನಾಜೂಕಿನ ಹಣ್ಣಲ್ಲ. ಗುಂಡಗೆ, ಕಪ್ಪು ನೇರಳೆ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ. ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುತ್ತದೆ. ಅದರ ವಾಸನೆ ಇಡೀ ಕೋಣೆಯನ್ನು ತುಂಬುತ್ತದೆ. ಸುಮಾರು 150 ವರ್ಷಗಳಿಂದ ಈ ಭಾಗದಲ್ಲಿ ಬೆಳೆಯುತ್ತಿರುವ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಂದರೆ ಬೇರೆಡೆ ಬೆಳೆದ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ.

ಇದರ ಮೂಲ ಹುಡುಕುತ್ತಾ ಹೋದರೆ ಕತೆ ಅಮೆರಿಕಕ್ಕೆ ಹೋಗುತ್ತದೆ. ಯೂರೋಪಿನ ದ್ರಾಕ್ಷಿಗಳೆಲ್ಲ ‘ವೈಟಿಸ್ ವಿನಿಫೆರಾ’ ಎಂಬ ಪ್ರಭೇದ. ಅಮೆರಿಕದ ಕಾಡಿನಲ್ಲಿದ್ದದ್ದು ‘ವೈಟಿಸ್ ಲಾಬ್ರಸ್ಕಾ’. ಬೆಂಗಳೂರು ನೀಲಿ ಈ ಎರಡನೆಯ ಗುಂಪಿನ ರಕ್ತವಿರುವ ‘ಇಸಬೆಲ್ಲಾ’ ಎಂಬ ತಳಿಗೆ ಸೇರಿದ್ದೆಂದು ತೋಟಗಾರಿಕಾ ಗ್ರಂಥಗಳು ಹೇಳುತ್ತವೆ. ಲಾಬ್ರಸ್ಕಾ ದ್ರಾಕ್ಷಿಗೆ ಅಮೆರಿಕದಲ್ಲಿ ‘ನರಿ ದ್ರಾಕ್ಷಿ’ ಎಂಬ ಅಡ್ಡಹೆಸರು! ಅದರ ಗಾಢ ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರಾನಿಲೇಟ್ ಎಂಬ ರಾಸಾಯನಿಕ. ಕೃತಕ ‘ದ್ರಾಕ್ಷಿ ರುಚಿ’ಯ ಮಿಠಾಯಿಗಳಲ್ಲಿ ಬಳಸುವುದೂ ಅದನ್ನೇ. ಯೂರೋಪಿನ ನಾಲಿಗೆಗೆ ಈ ವಾಸನೆ ಹಿಡಿಸಲಿಲ್ಲ. ಅತಿ ಉತ್ಪಾದನೆ, ಗುಣಮಟ್ಟ ಮುಂತಾದ ಕಾರಣಗಳನ್ನು ಮುಂದಿಟ್ಟು ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾ ಸೇರಿದಂತೆ ಆರು ತಳಿಗಳಿಗೆ ನಿಷೇಧ ಹಾಕಿತು. ಅಲ್ಲಿ ಕಾನೂನಿನ ಕಣ್ಣಿಗೆ ಬಿದ್ದ ಬಳ್ಳಿಯ ಬಂಧು ಇಲ್ಲಿ ಕೃಷಿಕನ ಮನೆ ಬೆಳಗಿಸಿದ್ದು ಸೋಜಿಗವಲ್ಲವೇ?

ಹಾಗೆಂದು ಅಮೆರಿಕದ ಬಳ್ಳಿಯನ್ನು ಯೂರೋಪು ತಳ್ಳಿಹಾಕುವಂತಿರಲಿಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಕೀಟ ಬೇರು ತಿಂದು ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಕೊನೆಗೆ ಉಳಿಸಿದ್ದು ಅದೇ ಅಮೆರಿಕದ ಬೇರು. ಕೀಟಕ್ಕೆ ಜಗ್ಗದ ಅಮೆರಿಕದ ಬಳ್ಳಿಯ ಬುಡಕ್ಕೆ ಯೂರೋಪಿನ ಕಡ್ಡಿಯನ್ನು ಕಸಿ ಕಟ್ಟಿದರು. ಸ್ಪೇನಿನ ಹುಮಿಯಾದಲ್ಲಿ ಮಣ್ಣು ಮರಳು ಮಿಶ್ರಿತವಾದ್ದರಿಂದ ಈ ಕೀಟ ನೂರು ವರ್ಷ ತಡವಾಗಿ, 1989ರಲ್ಲಿ ಹಾವಳಿ ಮಾಡಿತು. ನಂದಿ ತಪ್ಪಲಿನಲ್ಲೂ ದಿಲ್‌ಖುಷ್‌ನಂಥ ತಳಿಗಳನ್ನು ಉಪ್ಪು ಮತ್ತು ಬರ ಸಹಿಸುವ ‘ಡಾಗ್‌ರಿಜ್’ ಎಂಬ ಅಮೆರಿಕದ ಬೇರಿನ ಮೇಲೆ ಕಸಿ ಮಾಡುತ್ತಾರೆ. ಬೆಂಗಳೂರು ನೀಲಿಯಾದರೋ ಕಡ್ಡಿ ನೆಟ್ಟರೆ ತನ್ನ ಬೇರಿನ ಮೇಲೇ ನಿಲ್ಲುವ ಗಟ್ಟಿ ಜೀವ.

ತೋಟದಲ್ಲಿ ಎಲೆಗಳ ಮೇಲೆ ತಿಳಿನೀಲಿ ಕಲೆ ಕಂಡರೆ ಅದು ಬೋರ್ಡೋ ದ್ರಾವಣ ಇರಬಹುದು. ಮಲೆನಾಡಿನ ಅಡಿಕೆ ಬೆಳೆಗಾರರಿಗೂ ಪರಿಚಿತವಾದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವಿದು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಇದನ್ನು ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಬೂಜು ರೋಗ ಬಾರದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರ ಹೊತ್ತಿಗೆ ಅದನ್ನು ಔಷಧವಾಗಿ ರೂಪಿಸಿದರು. ಕಳ್ಳರ ಭಯದಿಂದ ಹುಟ್ಟಿದ ವಿಜ್ಞಾನ!

ಅಡುಗೆಮನೆಯಲ್ಲಿ ಒಂದು ಪ್ರಯೋಗ

ತೋಟದಿಂದ ಅರ್ಧ ಕಿಲೋ ಬೆಂಗಳೂರು ನೀಲಿ ಕೊಂಡು ಬಂದರೆ ಮಕ್ಕಳಿಗೆ ಒಂದು ಪ್ರಯೋಗಶಾಲೆಯೇ ಸಿಕ್ಕಂತೆ. ಹಣ್ಣಿನ ಮೇಲೆ ತೆಳುವಾದ ಬಿಳಿ ಪುಡಿ ಇರುತ್ತದೆ. ಅದೆಲ್ಲ ಔಷಧವೆಂದು ತಾಯಂದಿರು ಹೆದರುತ್ತಾರೆ. ಆ ಪುಡಿಯ ಬಹುಪಾಲು ಹಣ್ಣು ತಾನೇ ಸ್ರವಿಸುವ ಮೇಣ. ಒಳಗಿನ ನೀರು ಆರದಂತೆ ಅದು ಕಾಯುತ್ತದೆ. ಹಾಗೆಂದು ತೊಳೆಯದೆ ತಿನ್ನಬಾರದು, ಸಿಂಪಡಿಸಿದ ಔಷಧದ ಅಂಶವೂ ಉಳಿದಿರಬಹುದು.

ಒಂದು ಹಣ್ಣಿನ ತಿರುಳನ್ನು ಹೊರಕ್ಕೆ ಹಿಸುಕಿದರೆ ಅದು ಹಸಿರು ಮಿಶ್ರಿತ ಬಿಳುಪು. ಬಣ್ಣವೆಲ್ಲ ಸಿಪ್ಪೆಯಲ್ಲಿದೆ. ಸಿಪ್ಪೆಗಳನ್ನು ಸ್ವಲ್ಪ ಬಿಸಿನೀರಿನಲ್ಲಿ ಕಿವುಚಿ ಸೋಸಿ, ಆ ನೇರಳೆ ನೀರನ್ನು ಮೂರು ಲೋಟಗಳಿಗೆ ಹಂಚಬೇಕು. ಒಂದಕ್ಕೆ ನಿಂಬೆರಸ ಹಿಂಡಿದರೆ ಕೆಂಪಾಗುತ್ತದೆ. ಇನ್ನೊಂದಕ್ಕೆ ಅಡುಗೆ ಸೋಡ ಹಾಕಿದರೆ ನೀಲಿ, ಹಸಿರಿನ ಕಡೆಗೆ ತಿರುಗುತ್ತದೆ. ಮೂರನೆಯದು ಹೋಲಿಕೆಗೆ. ಆಂಥೋಸಯನಿನ್ ಎಂಬ ಈ ಬಣ್ಣ ಆಮ್ಲಕ್ಕೂ ಕ್ಷಾರಕ್ಕೂ ಬೇರೆಬೇರೆ ರೂಪ ತಾಳುತ್ತದೆ. ಶಾಲೆಯ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ದ್ರಾಕ್ಷಿ ಸಿಪ್ಪೆ ಮಾಡಿ ತೋರಿಸುತ್ತದೆ. ಪ್ರಯೋಗ ಮುಗಿದ ಮೇಲೆ ಲೋಟದ ನೀರನ್ನು ಚೆಲ್ಲಬೇಕು, ಕುಡಿಯಬಾರದು.

ಪೀಪಾಯಿಗಳ ಮನೆ

ದೊಡ್ಡಬಳ್ಳಾಪುರದಿಂದ ನಂದಿಯ ಕಡೆಗೆ ಹೊರಳಿದರೆ ರಘುನಾಥಪುರದ ಬಳಿ ಚಪ್ಪರವಿಲ್ಲದ ದ್ರಾಕ್ಷಿ ಕಾಣಿಸುತ್ತದೆ. ಇಲ್ಲಿ ಬಳ್ಳಿಗಳು ಬೇಲಿಯ ಹಾಗೆ ನೇರ ಸಾಲಿನಲ್ಲಿ ನಿಂತಿರುತ್ತವೆ. ಎಲೆಗೂ ಗೊಂಚಲಿಗೂ ಗಾಳಿ, ಬಿಸಿಲು ಅಳತೆಯಾಗಿ ಸಿಗಲೆಂದು ಈ ವ್ಯವಸ್ಥೆ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1988ರಲ್ಲಿ ಕಟ್ಟಿದ ವೈನ್ ಸಂಸ್ಥೆಯ ತೋಟ ಇದು. ಆನಂತರ ಫ್ರಾನ್ಸಿನ ಪ್ರಸಿದ್ಧ ವೈನ್ ತಜ್ಞ ಮಿಶೆಲ್ ರೋಲಾ ಕೂಡ ಇದಕ್ಕೆ ಸಲಹೆಗಾರರಾದರು. 2012ರಲ್ಲಿ ಮಹಾರಾಷ್ಟ್ರದ ಇನ್ನೊಂದು ಸಂಸ್ಥೆಯೊಡನೆ ಸೇರಿ ಗ್ರೋವರ್ ಜಾಂಪಾ ಎಂಬ ಹೆಸರು ಪಡೆಯಿತು. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಅದನ್ನು ಜಾರಿಗೆ ತರಲು ವೈನ್ ಮಂಡಳಿಯೂ ಹುಟ್ಟಿತು.

ಮಕ್ಕಳನ್ನು ಕರೆದುಕೊಂಡು ವೈನ್ ಕಾರ್ಖಾನೆಗೆ ಹೋಗುವುದೇ ಎಂದು ಪಾಲಕರು ಹಿಂಜರಿಯಬಹುದು. ಹಿಂಜರಿಕೆ ತಪ್ಪಲ್ಲ. ಸವಿ ನೋಡುವ ಕೋಣೆ ವಯಸ್ಕರಿಗೆ ಮಾತ್ರ. ಅಲ್ಲಿಗೆ ಮಕ್ಕಳು ಹೋಗಬೇಕಿಲ್ಲ. ಆದರೆ ತೋಟವೂ ಹಣ್ಣು ಅರೆಯುವ ಯಂತ್ರವೂ ಉಕ್ಕಿನ ತೊಟ್ಟಿಗಳೂ ಓಕ್ ಮರದ ಪೀಪಾಯಿಗಳೂ ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಪಾಠವನ್ನು ಕಣ್ಣೆದುರು ತೆರೆದಿಡುತ್ತವೆ. ಯೀಸ್ಟ್ ಎಂಬ ಏಕಕೋಶ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಒಡೆಯುತ್ತದೆ. ಲೆಕ್ಕ ಹಾಕಿದರೆ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ದೋಸೆ ಹಿಟ್ಟು ರಾತ್ರಿ ಉಬ್ಬುವಾಗಲೂ ಸೂಕ್ಷ್ಮಜೀವಿಗಳು ಬಿಡುವ ಅನಿಲದ ಕೆಲಸವೇ. ಈ ಹುದುಗುವಿಕೆ ಜೀವಿಗಳ ಕೆಲಸ ಎಂದು 19ನೆಯ ಶತಮಾನದಲ್ಲಿ ಸಾಧಿಸಿ ತೋರಿಸಿದವರು ಲೂಯಿ ಪಾಶ್ಚರ್. ಕೆಂಪು ವೈನಿನ ಬಣ್ಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಅಡುಗೆಮನೆಯ ಪ್ರಯೋಗದಲ್ಲೇ ಇದೆ: ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು, ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ. ಅದೇ ಆಲ್ಕೋಹಾಲ್ ಮನುಷ್ಯನ ಯಕೃತ್ತಿಗೆ ಏನು ಮಾಡುತ್ತದೆ ಎಂಬುದನ್ನೂ ಮಕ್ಕಳಿಗೆ ಅಲ್ಲಿಯೇ ಹೇಳಬಹುದು. ಮುಚ್ಚಿಟ್ಟ ಪಾಠಕ್ಕಿಂತ ಬಿಚ್ಚಿ ಹೇಳಿದ ಪಾಠ ಒಳ್ಳೆಯದು.

ಇದೇ ದಾರಿಯ ಇನ್ನೊಂದು ತುದಿಯಲ್ಲಿ ಹೆಸರಘಟ್ಟವಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ಬೆಂಗಳೂರು ನೀಲಿಯನ್ನು ಬ್ಲ್ಯಾಕ್ ಚಂಪಾದೊಡನೆ ಸೇರಿಸಿ ‘ಅರ್ಕ ಶ್ಯಾಮ್’, ಬ್ಲ್ಯಾಕ್ ಚಂಪಾವನ್ನು ಥಾಮ್ಸನ್ ಬೀಜರಹಿತದೊಡನೆ ಸೇರಿಸಿ ‘ಅರ್ಕ ನೀಲಮಣಿ’ ಎಂಬ ತಳಿಗಳನ್ನು ಇಲ್ಲಿ ರೂಪಿಸಿದರು. ಸಂಸ್ಥೆಯ ತೋಟಗಾರಿಕಾ ಮೇಳ ನಡೆಯುವ ದಿನಗಳಲ್ಲಿ ವಿದ್ಯಾರ್ಥಿಗಳು ಇವನ್ನೆಲ್ಲ ಹತ್ತಿರದಿಂದ ನೋಡಬಹುದು.

ಬೆಟ್ಟ ಏರಿದರೆ

ನಂದಿಬೆಟ್ಟ ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಬೆಟ್ಟದ ತಲೆ ನಗರಕ್ಕಿಂತ ಮೂರೂವರೆ ಡಿಗ್ರಿ ತಂಪಾಗಿರಬೇಕು. ಒಂದು ಉಷ್ಣಮಾಪಕ ಕೊಂಡೊಯ್ದು ಬುಡದಲ್ಲೂ ತುದಿಯಲ್ಲೂ ಅಳೆದು ನೋಡುವುದು ಒಳ್ಳೆಯ ಆಟ. ಬೆಟ್ಟದ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅಂಥ ಬಂಡೆ ಸವೆದು ಆದ ಕೆಂಪು ಗರಸು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ದ್ರಾಕ್ಷಿಯ ಬೇರಿಗೆ ಬೇಕಾದದ್ದೂ ಅದೇ.

ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಚರಿತ್ರೆ 9ನೆಯ ಶತಮಾನದ ಆರಂಭಕ್ಕೆ ಹೋಗುತ್ತದೆ. ಅಲ್ಲಿನ ಮೆಟ್ಟಿಲುಗಳ ಕಲ್ಯಾಣಿಯ ಬಳಿ ಕುಳಿತು ಬುತ್ತಿ ಬಿಚ್ಚುವ ಬದಲು ಹೊರಗಿನ ಮರದ ನೆರಳಲ್ಲಿ ಉಂಡು ಒಳಗೆ ಹೋಗುವುದು ಲೇಸು. ಬೆಟ್ಟದ ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, ಯೋಗನಂದೀಶ್ವರ ಗುಡಿ, ಗಾಂಧೀಜಿ 1927ರಲ್ಲಿ ಅನಾರೋಗ್ಯದಿಂದ ಚೇತರಿಸಿಕೊಳ್ಳಲು ತಂಗಿದ್ದ ಮನೆ ಇವೆ. 1986ರಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಬಂದ ದೇಶಗಳ ನಾಯಕರೂ ಇಲ್ಲಿಗೆ ಬಂದಿದ್ದರು. ಹತ್ತಿರದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಊರು. ಅವರ ಮನೆ ಈಗ ವಸ್ತುಸಂಗ್ರಹಾಲಯ, ಊರಿನಲ್ಲೇ ಅವರ ಸಮಾಧಿ.

ಬೆಟ್ಟದ ತುದಿಯಿಂದ ಸುತ್ತಲೂ ಕಣ್ಣು ಹಾಯಿಸಿದರೆ ಈ ನಾಡಿನ ನೀರಿನ ಲೆಕ್ಕ ಅರ್ಥವಾಗುತ್ತದೆ. ಪಶ್ಚಿಮಕ್ಕೆ ಹರಿಯುವುದು ಅರ್ಕಾವತಿ. ಅದು ದೊಡ್ಡಬಳ್ಳಾಪುರ, ಹೆಸರಘಟ್ಟ ದಾಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಇದೇ ಬೆಟ್ಟಗಳ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಕೆರೆಯನ್ನು ಹಾದು, ವೈಟ್‌ಫೀಲ್ಡಿನ ಪಕ್ಕದಲ್ಲೇ ಸರಿದು, ತಮಿಳುನಾಡಿಗೆ ಇಳಿದು, ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಅಲ್ಲಿನ ಮೀನುಗಾರರ ಹಳ್ಳಿಗಳಿಗೂ ಇಲ್ಲಿನ ದ್ರಾಕ್ಷಿ ಚಪ್ಪರಕ್ಕೂ ಒಂದೇ ಬೆಟ್ಟ ತವರು.

ನೀರು ಎಲ್ಲಿಗೆ ಹೋಯಿತು?

ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಈ ಅರ್ಕಾವತಿಯಿಂದ. 1894ರಲ್ಲಿ ಹೆಸರಘಟ್ಟ, ಆನಂತರ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ನಗರದ ಬಾಯಾರಿಕೆ ತಣಿಸಿದವು. ನಗರ ಬೆಳೆದಂತೆ ನದಿಯ ಹಾದಿಯಲ್ಲಿ ಕಟ್ಟಡ, ಕಲ್ಲುಗಣಿ, ನೀಲಗಿರಿ ತೋಪು ಎದ್ದವು. ಸಾವಿರಾರು ಕೊಳವೆ ಬಾವಿಗಳು ನೆಲದ ನೀರನ್ನು ಹೀರಿದವು. ನೆಲದ ನೀರು ತಳ ಸೇರಿದಾಗ ಮೇಲಿನ ಹೊಳೆಯೂ ಬತ್ತಿತು. ತಿಪ್ಪಗೊಂಡನಹಳ್ಳಿಗೆ ಬರುವ ನೀರು ಕುಗ್ಗಿ, ಬಂದದ್ದೂ ಮಲಿನವಾಗಿ, ಒಂದು ಹಂತದಲ್ಲಿ ಅಲ್ಲಿಂದ ನಗರಕ್ಕೆ ನೀರು ಕೊಡುವುದೇ ನಿಂತುಹೋಯಿತು. 1974ರಿಂದ ನಗರ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಎತ್ತಿ ತರುತ್ತಿದೆ. ನಂದಿ ತಪ್ಪಲಿನ ರೈತನಿಗೆ ಅಂಥ ಕಾವೇರಿಯಿಲ್ಲ. ಇಲ್ಲಿ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು ಸಾಮಾನ್ಯ. ಆಳಕ್ಕೆ ಹೋದಂತೆ ಕೆಲವೆಡೆ ಫ್ಲೋರೈಡ್ ಹೆಚ್ಚಿರುವ ನೀರು ಸಿಗುತ್ತದೆ. ಅದು ಮಕ್ಕಳ ಹಲ್ಲಿಗೆ ಕಲೆ, ದೊಡ್ಡವರ ಮೂಳೆಗೆ ನೋವು ತರುತ್ತದೆ.

ಈಚೆಗೆ ನೀರು ತಿರುಗಿ ಬರಲು ಶುರುವಾಗಿದೆ, ಆದರೆ ಬೇರೆ ರೂಪದಲ್ಲಿ. ನಗರದ ಬಚ್ಚಲು ನೀರನ್ನು ಶುದ್ಧೀಕರಿಸಿ ಕೆರೆಗಳಿಗೆ ತುಂಬುವ ಯೋಜನೆಗಳಿವು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಹೆಬ್ಬಾಳ–ನಾಗವಾರ ಕಣಿವೆಯಿಂದ 21 ಕೋಟಿ ಲೀಟರ್ ನೀರನ್ನು ಚಿಕ್ಕಬಳ್ಳಾಪುರದ ಕಡೆಗೆ ತರುವ ಯೋಜನೆ ಅದರ ಹಿಂದೆಯೇ ಬಂತು. ವೈಟ್‌ಫೀಲ್ಡಿನ ಮನೆಯಲ್ಲಿ ಬೆಳಗ್ಗೆ ಪಾತ್ರೆ ತೊಳೆದ ನೀರು ಒಂದಲ್ಲ ಒಂದು ದಿನ ಬಯಲುಸೀಮೆಯ ಕೆರೆಯಲ್ಲಿ ಸೂರ್ಯನನ್ನು ಕಾಣಬಹುದು! ಬತ್ತಿದ ಕೊಳವೆ ಬಾವಿಗಳಲ್ಲಿ ನೀರು ಮತ್ತೆ ಕಂಡಿತೆಂದು ಹಿಗ್ಗಿದ ರೈತರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು, ಇಲ್ಲವಾದರೆ ಅಂತರ್ಜಲಕ್ಕೆ ವಿಷ ಸೇರೀತು ಎಂದು ಹೋರಾಡುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಬಾಯಾರಿದವರ ದನಿಯಿದೆ.

ಪುಸ್ತಿಕೆಯ ಸ್ಪೇನೂ ಇದಕ್ಕೆ ಹೊರತಲ್ಲ. ಹುಮಿಯಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್ ಮಾತ್ರ. ಬೆಂಗಳೂರಿನ ಮಳೆಯ ಅರ್ಧವೂ ಅಲ್ಲ. ಅಲ್ಲಿನ ಮೊನಾಸ್ತ್ರೆಲ್ ತಳಿ ಕುಳ್ಳಗೆ ಪೊದೆಯಂತೆ ಬೆಳೆದು ಅಷ್ಟರಲ್ಲೇ ಬದುಕುತ್ತದೆ. ಆದರೆ ತರಕಾರಿ ತೋಟಗಳಿಗೆ ಅದು ಸಾಲದೆ, ತಾಹೋ ನದಿಯ ನೀರನ್ನು 1979ರಿಂದ ಸೆಗೂರಾ ಕಣಿವೆಗೆ ಕಾಲುವೆಯಲ್ಲಿ ತರುತ್ತಿದ್ದಾರೆ. ಆ ತೋಟಗಳ ಗೊಬ್ಬರ ಹರಿದು ಸೇರಿದ ಮಾರ್ ಮೆನೋರ್ ಎಂಬ ಕಡಲಂಚಿನ ಸರೋವರದಲ್ಲಿ 2019 ಮತ್ತು 2021ರಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಂದವು. ಜನ ಬೀದಿಗಿಳಿದರು. 2022ರಲ್ಲಿ ಸ್ಪೇನ್ ಆ ಸರೋವರಕ್ಕೆ ಮನುಷ್ಯನಿಗಿರುವಂತೆ ಕಾನೂನಿನ ವ್ಯಕ್ತಿತ್ವವನ್ನೇ ಕೊಟ್ಟಿತು. ಅದರ ಪರವಾಗಿ ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದು. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಕಂಡ ಮಕ್ಕಳಿಗೆ ಈ ಸುದ್ದಿ ಯೋಚನೆ ಹಚ್ಚಬೇಕು.

ಎಟುಕುವಷ್ಟು ದಿನ

ನೀರಿಗಿಂತ ದೊಡ್ಡ ಪ್ರಶ್ನೆ ನೆಲದ್ದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಭೂಮಿಯ ಬೆಲೆ ಏರತೊಡಗಿತು. ದ್ರಾಕ್ಷಿ, ಚಕ್ಕೋತ, ರಾಗಿ ಬೆಳೆಯುವ ನೆಲಕ್ಕೆ ಬಡಾವಣೆಗಳ ಕಲ್ಲು ಬಂದವು. ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ 1777 ಎಕರೆಯನ್ನು ಕೈಗಾರಿಕೆಗೆ ವಶಪಡಿಸಿಕೊಳ್ಳುವ ಪ್ರಸ್ತಾಪದ ವಿರುದ್ಧ ಅಲ್ಲಿನ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ರಾಜ್ಯ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಹೇಳಿತು.

ಕಾರ್ಖಾನೆ ಬೇಡವೆಂದು ಹೇಳುವುದು ಸುಲಭವಲ್ಲ. ಪೀಣ್ಯದ ಲೇತ್ ಯಂತ್ರ, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿವೆ. ದ್ರಾಕ್ಷಿ ಬೆಳೆದವರ ಮಕ್ಕಳೂ ಆ ಮನೆಗಳಲ್ಲಿದ್ದಾರೆ. ಚಪ್ಪರದ ಕಲ್ಲು ಕಂಬವನ್ನು ಕಿತ್ತು ನಿವೇಶನದ ಗಡಿಗೆ ನೆಟ್ಟವನನ್ನು ದೂರುವ ಹಕ್ಕು, ಆ ನಿವೇಶನ ಕೊಂಡವನಿಗಿಲ್ಲ. ಆದರೆ ಒಂದು ಲೆಕ್ಕ ಮಾತ್ರ ಮಕ್ಕಳಿಗೆ ತಿಳಿದಿರಬೇಕು. ಕಾರ್ಖಾನೆಯನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯಬಹುದು. ಬೆಟ್ಟದ ಬುಡದ ಮಣ್ಣನ್ನು, ಅದರ ತಂಪನ್ನು, ಅದರಲ್ಲಿ ಕತ್ತರಿ ಹಿಡಿದು ಕಲಿತ ಕೈಯ ಅರಿವನ್ನು ಒಯ್ಯಲಾಗದು. ಬೆಂಗಳೂರು ನೀಲಿಗೆ ಸಿಕ್ಕ ಭೌಗೋಳಿಕ ಸೂಚಿಕೆ ಹೇಳುವುದೂ ಇದನ್ನೇ: ಈ ಹಣ್ಣು ಈ ನೆಲದ್ದು. ನೆಲವೇ ಇಲ್ಲವಾದರೆ ಸೂಚಿಕೆ ಕಡತದಲ್ಲಿ ಉಳಿಯುತ್ತದೆ.

ಸಂಜೆ ಮರಳುವಾಗ ದೊಡ್ಡಬಳ್ಳಾಪುರದ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕುಳಿತ ಹೆಂಗಸರ ಬಳಿ ನಿಂತು ಒಂದು ಕಿಲೋ ನೀಲಿ ದ್ರಾಕ್ಷಿ ಕೊಳ್ಳಬಹುದು. ಚೌಕಾಸಿ ಮಾಡುವ ಮುನ್ನ ಮಕ್ಕಳು ಒಂದು ಪ್ರಶ್ನೆ ಕೇಳಲಿ: ಇದು ಯಾವ ತೋಟದ್ದು, ಅಲ್ಲಿ ನೀರು ಎಷ್ಟು ಅಡಿಯಲ್ಲಿದೆ? ಉತ್ತರ ಹೇಳಲು ಆಕೆಗೆ ಸಂತೋಷವಾದೀತು. ಮನೆ ತಲುಪುವಷ್ಟರಲ್ಲಿ ಕಾರಿನ ತುಂಬ ಆ ಗಾಢ ವಾಸನೆ ಇರುತ್ತದೆ. ಹಣ್ಣು ಸ್ವಲ್ಪ ಹುಳಿಯಾಗಿದ್ದರೂ, ಕತೆಯ ನರಿಯ ಹಾಗೆ ಎಟುಕದೆ ಹುಳಿಯಾದದ್ದಲ್ಲ.

ಪ್ರವಾಸಿಗರಿಗೆ: ಬಳ್ಳಿಯಲ್ಲಿ ಗೊಂಚಲು ನೋಡಲು ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಒಳ್ಳೆಯದು. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 40, ನಂದಿಬೆಟ್ಟಕ್ಕೆ ಸುಮಾರು 60 ಕಿ.ಮೀ. ಬಸ್ಸಿನ ಸೌಕರ್ಯವಿದೆ. ರೈಲಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ವೈನ್ ತೋಟದ ಭೇಟಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ರೈತರ ತೋಟಕ್ಕೆ ಕೇಳದೆ ಕಾಲಿಡಬಾರದು, ಗೊಂಚಲು ಮುಟ್ಟಬಾರದು: ಔಷಧ ಸಿಂಪಡಿಸಿರಬಹುದು, ಮುಟ್ಟಿದ ಹಣ್ಣಿನ ಮೇಣ ಅಳಿಸಿದರೆ ಬೆಲೆಯೂ ಇಳಿಯುತ್ತದೆ. ಬೆಟ್ಟದಲ್ಲಿ ವಾರಾಂತ್ಯದ ಜನಜಂಗುಳಿ ತಪ್ಪಿಸಲು ವಾರದ ನಡುವಿನ ರಜಾದಿನ ಮೇಲು. ಕುಡಿಯುವ ನೀರು, ಟೊಪ್ಪಿಗೆ, ಒಂದು ಉಷ್ಣಮಾಪಕ, ಒಂದು ನೋಟ್‌ಬುಕ್ ಜೊತೆಯಲ್ಲಿರಲಿ.